ಹಪ್ಪಳದ ಕೋಣೆಯಲ್ಲಿ ಎಪ್ಪತ್ತು ಜನ

೧೯೮೪ನೆಯ ಇಸವಿ. ಆಗ ನಾನು ಬೆಂಗಳೂರಿನ ಒಂದು ಸಾರ್ವಜನಿಕ ಉದ್ಯಮದ ಹವಾನಿಯಂತ್ರಣ ವಿಭಾಗದಲ್ಲಿ ಹಿರಿಯ ಇಂಜಿನಿಯರ್ ಆಗಿದ್ದೆ. ಆಸ್ಪತ್ರೆ, ಟೆಲಿಫೋನ್ ಎಕ್ಸ್‌ಚೇಂಜ್, ಕಂಪ್ಯೂಟರ್ ಕೊಠಡಿ ಮುಂತಾದ ಕಟ್ಟಡಗಳ ಒಳಗಿನ ಗಾಳಿ ಎಷ್ಟು ತಣ್ಣಗಿರಬೇಕು, ಎಷ್ಟು ಒಣಗಿರಬೇಕು, ಅದಕ್ಕೆ ಯಾವ ಸಾಮರ್ಥ್ಯದ ಯಂತ್ರ ಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಮನೆ ಬಸವನಗುಡಿಯಲ್ಲಿ. ತಂದೆಯವರು ಚಾಮರಾಜಪೇಟೆಯ ಪಾಠಶಾಲೆಯೊಂದರಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದರು; ನಾನೂ ಎಳೆಯ ವಯಸ್ಸಿನಲ್ಲಿ ಅವರ ಬಳಿ ಕುಳಿತು ಕಾವ್ಯ, ವ್ಯಾಕರಣ ಓದಿದವನು. ನಮ್ಮದು ವಾಯುದೇವರನ್ನು ಆರಾಧಿಸುವ ಮನೆತನ. ಹೊಟ್ಟೆಪಾಡಿಗೆ ಗಾಳಿಯನ್ನೇ ಅಳೆಯುವ ಕೆಲಸ ದೊರೆತದ್ದನ್ನು ನಾನು ಎಂದೂ ಆಕಸ್ಮಿಕವೆಂದು ಎಣಿಸಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಚಾಮರಾಜಪೇಟೆಯ ಸಾವಿತ್ರಮ್ಮನವರು ನಮ್ಮ ಮನೆಗೆ ಬಂದರು. ಅವರು ಹೆಂಗಸರ ಹಪ್ಪಳದ ಸಂಘವೊಂದನ್ನು ನಡೆಸುತ್ತಿದ್ದರು. ನನ್ನ ಹೆಂಡತಿ ಜಾನಕಿಗೆ ಅವರೊಡನೆ ಹಳೆಯ ಸ್ನೇಹ. ಸಂಘದಲ್ಲಿದ್ದ ಹೆಂಗಸರಲ್ಲಿ ಹೆಚ್ಚಿನವರು ಗಂಡನನ್ನು ಕಳೆದುಕೊಂಡವರು, ಇಲ್ಲವೆ ಗಂಡನಿದ್ದೂ ಅನುಕೂಲವಿಲ್ಲದವರು. ಅವರ ಹಪ್ಪಳ ಮಡಿಯ ಹಪ್ಪಳ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಮಡಿಯುಟ್ಟು ಹಿಟ್ಟು ಕಲಸಿ, ಲಟ್ಟಿಸಿ, ಮಹಡಿಯ ಮೇಲೆ ಒಣಹಾಕುತ್ತಿದ್ದರು. ಒಣಗುವವರೆಗೆ ಆ ಮಹಡಿಗೆ ಬೇರೆ ಯಾರೂ ಕಾಲಿಡುವಂತಿರಲಿಲ್ಲ. ಮಠಗಳವರು, ಛತ್ರದವರು, ಮದುವೆಯ ಅಡುಗೆಯವರು ಆ ಕಾರಣಕ್ಕೇ ಇವರಲ್ಲಿ ಕೊಳ್ಳುತ್ತಿದ್ದರು. ತೊಡಕು ಒಂದೇ: ಮಳೆಗಾಲದಲ್ಲಿ ಕೆಲಸ ನಿಂತುಹೋಗುತ್ತಿತ್ತು.

ಮಹಡಿ ಸಂಘದ್ದಲ್ಲ, ಕೆಳಗಿನ ಹಳೆಯ ಕಟ್ಟಡದ ಒಡೆತನವಿದ್ದ ಒಂದು ಧರ್ಮಸಂಸ್ಥೆಯದು. ಆ ಸಂಸ್ಥೆಯ ಕಾರ್ಯದರ್ಶಿ ನಾರಾಯಣರಾಯರು ನಿವೃತ್ತ ಅಧಿಕಾರಿ, ಶಿಸ್ತಿನ ಮನುಷ್ಯ. ವರ್ಷದಲ್ಲಿ ನಾಲ್ಕು ತಿಂಗಳು ಖಾಲಿ ಬೀಳುವ ಮಹಡಿಯ ಮೇಲೆ ಊಟದ ಹಾಲ್ ಕಟ್ಟಿದರೆ ಮದುವೆಗಳಿಗೆ ಅನುಕೂಲ ಎಂಬುದು ಅವರ ಯೋಜನೆ. ಹಾಲ್ ಕಟ್ಟಿದರೆ ಹಪ್ಪಳಕ್ಕೆ ಬಿಸಿಲಿಲ್ಲ, ಬಿಸಿಲಿಲ್ಲದಿದ್ದರೆ ಸಂಘವಿಲ್ಲ. ಸಾವಿತ್ರಮ್ಮನವರು ಮಹಡಿಯ ಮೇಲೆ ಗಾಜಿನ ಕೋಣೆಯೊಂದನ್ನು ಕಟ್ಟಿಕೊಂಡು ಮಳೆಗಾಲದಲ್ಲೂ ಒಣಗಿಸುತ್ತೇವೆ ಎಂದು ಬೇಡಿಕೊಂಡಿದ್ದರು. ರಾಯರು ಇಲ್ಲವೆನ್ನಲಿಲ್ಲ. ಇಂಜಿನಿಯರೊಬ್ಬರಿಂದ ಲೆಕ್ಕ ತನ್ನಿ, ಮಳೆಗಾಲದಲ್ಲಿ ಒಣಗುತ್ತದೆ ಎಂದು ತೋರಿಸಿದರೆ ಮಹಡಿ ನಿಮ್ಮದು, ಇಲ್ಲವಾದರೆ ಹಾಲಿನ ಕೆಲಸ ಆರಂಭಿಸುತ್ತೇವೆ ಎಂದರು. ಲೆಕ್ಕ ಹವಾಮಾನ ಇಲಾಖೆಯವರು ಅಳೆಯುವ ಊರಾಚೆಯ ವಿಮಾನ ನಿಲ್ದಾಣದ ಗಾಳಿಯದಾಗಿರಬಾರದು, ನಮ್ಮ ಮಹಡಿಯ ಗಾಳಿಯದೇ ಆಗಬೇಕು ಎಂದೂ ಸೇರಿಸಿದರು.

ಜಾನಕಿ ಒಳಗಿನಿಂದಲೇ ಹೇಳಿದಳು: "ಮಾಡಿಕೊಡಿ. ಬರೀ ಕಂಪ್ಯೂಟರಿಗೆ ತಂಪು ಮಾಡೋದೇ ಆಯ್ತು ನಿಮ್ಮ ವಿದ್ಯೆ."

ಆಗ ನಮ್ಮ ಕಚೇರಿಗೆ ವಿದ್ಯಾಸಂಸ್ಥೆಯೊಂದರ ದೊಡ್ಡ ಕಂಪ್ಯೂಟರನ್ನು ಬಳಸುವ ಅವಕಾಶವಿತ್ತು. ಕಟ್ಟಡವೊಂದರ ಗೋಡೆ, ಗಾಜು, ಬಿಸಿಲು, ಹೊರಗಿನ ಹವೆ, ಒಳಗಿನ ಜನ ಇವೆಲ್ಲವನ್ನೂ ತಿಳಿಸಿದರೆ, ಒಳಗಿನ ಗಾಳಿ ಗಂಟೆಗಂಟೆಗೂ ಹೇಗಿರುತ್ತದೆಂದು ಹೇಳುವ ಒಂದು ಪ್ರೋಗ್ರಾಂ ಪರದೇಶದಿಂದ ಟೇಪಿನಲ್ಲಿ ಬಂದಿತ್ತು. ವಿವರಗಳನ್ನು ಕಾರ್ಡುಗಳಲ್ಲಿ ತೂತು ಹೊಡೆದು ಕೊಡಬೇಕು. ಮಾರನೆಯ ದಿನ ಕಾಗದದ ಸುರುಳಿಯಲ್ಲಿ ಉತ್ತರ. ಕಾರ್ಡುಗಳ ಉಸ್ತುವಾರಿ ನನ್ನ ಸಹೋದ್ಯೋಗಿ ಫ್ರಾನ್ಸಿಸ್‌ನದು. ನನ್ನ ವಾರಿಗೆಯವನೇ. ನನ್ನನ್ನು ಆಚಾರ್ರೇ ಎಂದು ಕರೆಯುತ್ತಿದ್ದ. ನನ್ನ ನಾಮಮುದ್ರೆಗಳನ್ನು ಹಾಸ್ಯ ಮಾಡಿದಷ್ಟೇ ಸಲೀಸಾಗಿ, ರಜೆ ಹಾಕಿದ ದಿನ ನನ್ನ ಕೆಲಸವನ್ನೂ ಮಾಡಿಡುತ್ತಿದ್ದ.

ಆ ಪ್ರೋಗ್ರಾಮಿಗೆ ಹಪ್ಪಳವೆಂದರೇನೆಂದು ಗೊತ್ತಿರಲಿಲ್ಲ. ಕೋಣೆಯ ಗಾಳಿಗೆ ತೇವ ಸೇರುವುದು ಮನುಷ್ಯರಿಂದ ಎಂಬುದಷ್ಟೇ ಅದರ ತಿಳಿವಳಿಕೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಬೆವರು, ಉಸಿರುಗಳಿಂದ ಗಂಟೆಗೆ ಸುಮಾರು ಐವತ್ತು ಗ್ರಾಂ ನೀರು ಗಾಳಿಗೆ ಸೇರುತ್ತದೆ. ಹಸಿ ಹಪ್ಪಳದ ತಟ್ಟೆಗಳಿಂದ ಮೊದಲ ಗಂಟೆಯಲ್ಲಿ ಹೊರಡುವ ನೀರನ್ನು ಅದಕ್ಕೆ ಭಾಗಿಸಿದಾಗ ಎಪ್ಪತ್ತು ಜನ ಎಂದಾಯಿತು. ಹಾಗೆಯೇ ಬರೆದುಕೊಟ್ಟೆವು. ನೀರು ಆವಿಯಾಗಲು ಬೇಕಾದ ಶಾಖವನ್ನು ಕೋಣೆಯ ಗಾಳಿಯಿಂದ ಕಳೆಯುವ ಉಪಾಯವನ್ನೂ ಕಂಡುಕೊಂಡೆವು. ಹಪ್ಪಳ ಒಣಗುತ್ತಾ ಹೋದಂತೆ ತೇವ ಕಡಿಮೆಯಾಗಬೇಕಲ್ಲ, ಅದಕ್ಕಾಗಿ ಬೆಳಿಗ್ಗೆ ಎಪ್ಪತ್ತು ಜನ, ಮಧ್ಯಾಹ್ನಕ್ಕೆ ಮೂವತ್ತು, ಸಂಜೆಗೆ ನಾಲ್ಕೈದು ಎಂದು ಪಟ್ಟಿ ಮಾಡಿದೆವು.

ಫ್ರಾನ್ಸಿಸ್ ಕಾರ್ಡುಗಳನ್ನು ಜೋಡಿಸುತ್ತಾ, "ಹತ್ತು ಅಡಿ ಅಗಲದ ಗಾಜಿನ ರೂಮು ಆಚಾರ್ರೇ, ಎಪ್ಪತ್ತು ಜನಾನ ಬಿಸಿಲಲ್ಲಿ ಕೂರಿಸಿದ್ದೀರ. ಒಂದು ಲೋಟ ಮಜ್ಜಿಗೆನಾದ್ರೂ ಕೊಡಿ ಪಾಪ," ಎಂದ.

ಮಹಡಿಯ ಗಾಳಿಯನ್ನು ಅಳೆಯಲು ಕಚೇರಿಯಿಂದ ಒಂದು ಹಲಗೆಯನ್ನು ಕಳುಹಿಸಿದೆ. ಅದರ ಮೇಲೆ ಎರಡು ಥರ್ಮಾಮೀಟರುಗಳು. ಒಂದು ಬರಿಯದು. ಇನ್ನೊಂದರ ಬುಡಕ್ಕೆ ತೆಳು ಬಟ್ಟೆಯ ಬತ್ತಿಯನ್ನು ಸುತ್ತಿ, ಅದರ ಬಾಲವನ್ನು ನೀರಿನ ಶೀಶೆಯಲ್ಲಿ ಇಳಿಬಿಟ್ಟಿರುತ್ತದೆ. ಮಣ್ಣಿನ ಮಡಕೆಯ ನೀರು ಏಕೆ ತಣ್ಣಗಾಗುತ್ತದೆಯೋ ಆ ಕಾರಣಕ್ಕೇ ಒದ್ದೆ ಬತ್ತಿಯ ಪಾದರಸವೂ ಇಳಿಯುತ್ತದೆ. ಗಾಳಿ ಒಣಗಿದ್ದಷ್ಟೂ ಹೆಚ್ಚು ಇಳಿಯುತ್ತದೆ. ಗಾಳಿಯಲ್ಲಿ ನೀರು ತುಂಬಿದ್ದರೆ ಎರಡೂ ಒಂದೇ ಅಂಕಿಯನ್ನು ತೋರಿಸುತ್ತವೆ. ಈ ಎರಡು ಅಂಕಿಗಳ ಅಂತರದ ಮೇಲೆ ನಮ್ಮ ಲೆಕ್ಕವೆಲ್ಲ ನಿಂತಿತ್ತು. ಮಡಿಯ ಜಾಗಕ್ಕೆ ನಾನಾಗಲಿ ಫ್ರಾನ್ಸಿಸ್ ಆಗಲಿ ಹೋಗುವಂತಿರಲಿಲ್ಲವಾದ್ದರಿಂದ ಸಾವಿತ್ರಮ್ಮನವರೇ ದಿನಕ್ಕೆ ಮೂರು ಬಾರಿ ನೋಡಿ ಬರೆದು ಕಳುಹಿಸುತ್ತಿದ್ದರು. ಮೇ ತಿಂಗಳ ಅಂಕಿಗಳು ನಾನು ಎಣಿಸಿದಂತೆಯೇ ಬಂದವು.

ಜೂನ್ ಮೊದಲ ವಾರದಲ್ಲಿ ಜಾನಕಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂತ್ರಪಿಂಡದ ಕಾಯಿಲೆ. ಮಳೆಯೂ ಆಗಲೇ ಹಿಡಿಯಿತು. ಸಾವಿತ್ರಮ್ಮನವರ ಅಂಕಿಗಳು ಬದಲಾದವು: ಮಟಮಟ ಮಧ್ಯಾಹ್ನದಲ್ಲಿಯೂ ಎರಡು ಥರ್ಮಾಮೀಟರುಗಳ ನಡುವೆ ಅರ್ಧ ಡಿಗ್ರಿಯ ಅಂತರ. ಒಂದರಲ್ಲಿ ಇಪ್ಪತ್ತೇಳು, ಇನ್ನೊಂದರಲ್ಲಿ ಇಪ್ಪತ್ತಾರೂವರೆ. ಅಂದರೆ ಗಾಳಿಯಲ್ಲಿ ತೇವಾಂಶ ಶೇಕಡಾ ತೊಂಬತ್ತೈದರ ಮೇಲೆ. ಮಳೆಗಾಲ, ಪಕ್ಕದಲ್ಲಿಯೇ ನೀರಿನ ತೊಟ್ಟಿ, ಆಚೆಗೆ ದೊಡ್ಡ ಹೊಂಗೆಮರ. ಹಾಗಿರಬಹುದು ಎಂದು ಎಲ್ಲರಿಗೂ ತೋರಿತು. ಫ್ರಾನ್ಸಿಸ್ ಆಸ್ಪತ್ರೆಯ ಮೊಗಸಾಲೆಗೆ ಕಾಗದದ ಸುರುಳಿ ತಂದು ಬೆಂಚಿನ ಮೇಲೆ ಬಿಡಿಸಿದ. ಮೋಡದ ದಿನದ ಬಿಸಿಲಿನಲ್ಲಿ ಗಾಜಿನ ಕೋಣೆ ಮೂವತ್ತನಾಲ್ಕು ಡಿಗ್ರಿಯವರೆಗೆ ಕಾಯುತ್ತದೆ, ಆದರೆ ಒಳಗಿನ ತೇವಾಂಶ ಅರವತ್ತೈದಕ್ಕಿಂತ ಕೆಳಗಿಳಿಯುವುದಿಲ್ಲ ಎಂದಿತ್ತು ಉತ್ತರ. ಅದರಲ್ಲಿ ಹಪ್ಪಳ ತೊಗಲಿನಂತೆ ಮೆತ್ತಗೆ ಉಳಿಯುತ್ತದೆ. ಮೂರನೆಯ ದಿನಕ್ಕೆ ಬೂಷ್ಟು.

ಪ್ರೋಗ್ರಾಂ ಸಮುದ್ರಮಟ್ಟದ ಗಾಳಿಯನ್ನು ಎಣಿಸಿಕೊಂಡಿದೆ, ಬೆಂಗಳೂರು ಮೂರು ಸಾವಿರ ಅಡಿ ಎತ್ತರದಲ್ಲಿದೆ ಎಂಬುದು ನನಗೆ ಹೊಳೆಯಿತು. ನಮ್ಮ ಊರಿನ ಗಾಳಿ ಸುಮಾರು ಹತ್ತರಲ್ಲೊಂದು ಪಾಲು ತೆಳು. ಅದರ ಗುಣಗಳೂ ಅಷ್ಟರ ಮಟ್ಟಿಗೆ ಬೇರೆ. ಒತ್ತಡವನ್ನು ತಿದ್ದಿ ಮತ್ತೆ ಕಳುಹಿಸಿದೆವು. ಉತ್ತರ ಒಂದೆರಡು ಅಂಕಿ ಅತ್ತಿತ್ತ ಸರಿಯಿತು, ಅಷ್ಟೆ.

ಆ ತಿಂಗಳ ಕೊನೆಯಲ್ಲಿ ಜಾನಕಿ ಹರಿಪಾದ ಸೇರಿದಳು.

ಗಂಡುಮಕ್ಕಳಿಲ್ಲದ ಕಾರಣ ಕ್ರಿಯೆಗಳಿಗೆ ನಾನೇ ಕುಳಿತೆ. ಹೇಳಿದಾಗ ಏಳುತ್ತಿದ್ದೆ, ಹೇಳಿದಾಗ ಮುಳುಗು ಹಾಕುತ್ತಿದ್ದೆ. ಅಳು ಬರಲಿಲ್ಲ. ಬರಬೇಕೆಂದೂ ತೋರಲಿಲ್ಲ. ದೇವರ ಕೋಣೆಯ ಬಾಗಿಲು ಮುಚ್ಚಿತ್ತು. ಅವಳನ್ನು ಮಲಗಿಸಿದ್ದ ನಡುಮನೆಯ ಜಾಗದಲ್ಲಿ ಒಂದು ಎಣ್ಣೆಯ ದೀಪ ಉರಿಯುತ್ತಿತ್ತು. ಅದು ಆರದಂತೆ ನೋಡಿಕೊಳ್ಳುವುದು ನನ್ನ ಮಗಳು ವಸುಧಾಳ ಕೆಲಸ. ಕರ್ತೃವಿಗೆ ಉಪ್ಪಿಲ್ಲದ ಊಟ. ಎರಡು ದಿನ ಉಂಡ ಮೇಲೆ ವಸುಧಾ ಹೇಳಿದಳು, ಅದರಲ್ಲಿ ಉಪ್ಪಿರಲಿಲ್ಲವೆಂದು. ನನ್ನ ನಾಲಿಗೆಗೆ ಅದು ತಿಳಿದೇ ಇರಲಿಲ್ಲ. ಬಂಧುಗಳು ಬಂದರು, ಮನೆ ತುಂಬಿತು, ಸಂಜೆಗೆ ಒಬ್ಬೊಬ್ಬರಾಗಿ ಎದ್ದುಹೋದರು. ಬೆಳಿಗ್ಗೆ ಎಪ್ಪತ್ತು, ಸಂಜೆಗೆ ನಾಲ್ಕೈದು.

ಧರ್ಮಸಂಸ್ಥೆಯ ಸಮಿತಿ ಸೇರುವುದು ಮುಂದಿನ ವಾರ ಎಂದು ಗೊತ್ತಾಗಿತ್ತು. ಜಗಲಿಯ ಕೆಳಗೆ ನಿಂತಿದ್ದ ಫ್ರಾನ್ಸಿಸ್‌ಗೆ ನಾನು ವರದಿಯನ್ನು ಬಾಯಲ್ಲಿ ಹೇಳಿ ಬರೆಸಿದೆ. ಮಳೆಗಾಲದ ತಿಂಗಳುಗಳಲ್ಲಿ ಸದರಿ ಮಹಡಿಯಲ್ಲಿ ಸೌರಶಾಖದಿಂದ ಹಪ್ಪಳ ಒಣಗಿಸುವುದು ಸಾಧ್ಯವಿಲ್ಲ ಎಂಬುದು ಅದರ ಕೊನೆಯ ವಾಕ್ಯ. ಫ್ರಾನ್ಸಿಸ್ ಪೆನ್ನು ಮುಚ್ಚಿ ಜೇಬಿಗೆ ಸಿಕ್ಕಿಸಿದ.

"ಈಗ ಇದೆಲ್ಲ ಬೇಡ ಆಚಾರ್ರೇ. ಅವರಿಗೆ ಹೇಳಿ ಮುಂದಕ್ಕೆ ಹಾಕಿಸ್ತೀನಿ."

"ಮುಂದಕ್ಕೆ ಹಾಕಿದರೆ ಉತ್ತರ ಬದಲಾಗೋದಿಲ್ಲ. ಟೈಪ್ ಮಾಡಿಸಿ ತಗೊಂಡು ಬನ್ನಿ, ಸಹಿ ಹಾಕ್ತೀನಿ."

ಮಾರನೆಯ ಬೆಳಿಗ್ಗೆ ಸ್ನಾನ ಮುಗಿಸಿ ಒದ್ದೆ ಬಟ್ಟೆಯಲ್ಲಿಯೇ ಒಳಗೆ ಬಂದಾಗ ವಸುಧಾ ಒಲೆಯ ಮುಂದಿದ್ದಳು. "ಅಣ್ಣ, ದೀಪದ ಬತ್ತಿ ಚಿಕ್ಕದಾಗಿದೆ. ಅಮ್ಮನ ಡಬ್ಬೀಲಿದೆ, ಹಾಕಿಬಿಡಿ," ಎಂದಳು. ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣನೆಂದೇ ಕರೆಯುವುದು. ಜಾನಕಿ ಬಳೇಪೇಟೆಯಿಂದ ಹತ್ತಿ ತರಿಸಿ ವರ್ಷವಿಡೀ ಬತ್ತಿ ಹೊಸೆಯುತ್ತಿದ್ದಳು. ಅರ್ಧವನ್ನು ತುಪ್ಪದಲ್ಲಿ ಅದ್ದಿ ಡಬ್ಬಿಗಳಲ್ಲಿ ತುಂಬಿ ಕಾರ್ತಿಕಕ್ಕೆಂದು ಗುರುತಿನವರಿಗೆ ಹಂಚುವುದು ಅವಳ ಪದ್ಧತಿ. ನಾನು ಒಂದು ಬತ್ತಿಯನ್ನು ತೆಗೆದುಕೊಂಡೆ. ನನ್ನ ಕೂದಲಿನಿಂದ ನೀರು ಅದರ ಮೇಲೆ ತೊಟ್ಟಿಕ್ಕಿತು. ಹನಿ ಬತ್ತಿಯೊಳಗೆ ಇಳಿಯಲಿಲ್ಲ. ಮಣಿಯ ಹಾಗೆ ಮೇಲೆಯೇ ನಿಂತು, ಉರುಳಿ, ನೆಲಕ್ಕೆ ಬಿತ್ತು.

ಇನ್ನೊಂದು ಹನಿ ಬಿತ್ತು. ಅದೂ ಉರುಳಿತು.

ದೀಪಕ್ಕೆ ಬತ್ತಿ ಹಾಕಿ ಜಗಲಿಗೆ ಬಂದು ಕುಳಿತೆ. ಟೈಪಾದ ವರದಿಯೊಂದಿಗೆ ಫ್ರಾನ್ಸಿಸ್ ಬಂದಾಗ ಅದನ್ನು ಮುಟ್ಟದೆ, ಸಾವಿತ್ರಮ್ಮನವರನ್ನು ನಮ್ಮ ಬೀದಿಯವರೆಗೆ ಕರೆದುಕೊಂಡು ಬರಬಹುದೇ ಎಂದು ಕೇಳಿದೆ. ಸೂತಕದ ಮನೆಗೆ ಬಂದರೆ ಅವರು ಮತ್ತೆ ಸ್ನಾನ ಮಾಡಬೇಕಾಗುತ್ತದೆ, ಅಂದಿನ ಕೆಲಸ ಕೆಡುತ್ತದೆ. ಆದ್ದರಿಂದ ಬೀದಿಯಲ್ಲಿ ನಿಂತರೆ ಸಾಕು ಎಂದೆ. ಫ್ರಾನ್ಸಿಸ್, "ನಾನು ಅವರ ಮಹಡಿ ಹತ್ತೋ ಹಾಗಿಲ್ಲ, ಅವರು ನಿಮ್ಮ ಮೆಟ್ಟಿಲು ಹತ್ತೋ ಹಾಗಿಲ್ಲ, ನೀವು ಎಲ್ಲೂ ಹೋಗೋ ಹಾಗಿಲ್ಲ. ನಿಮ್ಮ ಗಾಳಿ ಹೆಂಗೆ ಆಚಾರ್ರೇ ಓಡಾಡುತ್ತೆ?" ಎನ್ನುತ್ತಾ ಹೊರಟ.

ಅವರು ಆಟೋದಲ್ಲಿ ಬಂದು ಎದುರು ಮನೆಯ ಸಂಪಿಗೆಮರದ ಕೆಳಗೆ ನಿಂತರು. ನಾನು ಜಗಲಿಯಿಂದ ಕೇಳಿದೆ.

"ಥರ್ಮಾಮೀಟರಿಗೆ ಯಾವ ಬತ್ತಿ ಇದೆ ಸಾವಿತ್ರಮ್ಮನವರೇ? ನಾವು ಕಳಿಸಿದ್ದೇನೇ?"

"ಇಲ್ಲ. ಅದು ಕಪ್ಪಗಾಯ್ತು. ಆಫೀಸಿಂದ ಬಂದ ಬಟ್ಟೆ, ಯಾರ್ಯಾರು ಮುಟ್ಟಿದ್ದರೋ ಏನೋ. ಹಪ್ಪಳದ ಪಕ್ಕದಲ್ಲೇ ತೂಗಾಡ್ತಿತ್ತು, ಮನಸ್ಸಿಗೆ ಸರಿ ಕಾಣಲಿಲ್ಲ. ತೆಗೆದು ಜಾನಕಿ ಕೊಟ್ಟ ಬತ್ತಿ ಹಾಕಿದೆ. ಒಳ್ಳೇ ತುಪ್ಪದ್ದು."

"ಯಾವಾಗ?"

"ಮಳೆ ಶುರುವಾಯ್ತಲ್ಲ, ಆವಾಗ."

ತುಪ್ಪ ಹೀರಿದ ಬತ್ತಿ ನೀರನ್ನು ಹೀರುವುದಿಲ್ಲ. ಬಾಲ ಶೀಶೆಯ ನೀರಿನಲ್ಲಿದ್ದರೂ ಬುಡ ಒಣಗಿಯೇ ಇತ್ತು. ಎರಡು ಥರ್ಮಾಮೀಟರುಗಳೂ ಬರಿಯ ಥರ್ಮಾಮೀಟರುಗಳೇ ಆಗಿ, ಬಹುಮಟ್ಟಿಗೆ ಒಂದೇ ಅಂಕಿಯನ್ನು ತೋರಿಸುತ್ತಿದ್ದವು. ಸಾವಿತ್ರಮ್ಮನವರು ಮಾಡಿದ್ದು ಅಗೌರವದಿಂದಲ್ಲ; ತಮ್ಮ ಬಳಿಯಿದ್ದ ಬತ್ತಿಗಳಲ್ಲಿ ಅತ್ಯಂತ ಶುದ್ಧವಾದುದನ್ನು ಆ ಯಂತ್ರಕ್ಕೆ ಕೊಟ್ಟಿದ್ದರು. ಇದನ್ನು ಹೇಳಿದಾಗ ಅವರು ಸೆರಗನ್ನು ಬಾಯಿಗೊತ್ತಿಕೊಂಡು ನಿಂತರು. ಹಳೆಯ ಮಡಿಪಂಚೆಯ ಚೂರನ್ನು ನೀರಿನಲ್ಲಿ ಕುದಿಸಿ ತಾವೇ ಕಟ್ಟಿದರೆ ಮಡಿಗೂ ಲೋಪವಿಲ್ಲ, ಲೆಕ್ಕಕ್ಕೂ ಲೋಪವಿಲ್ಲ ಎಂದೆ. ನಾಲ್ಕು ದಿನ ಅಂಕಿಗಳನ್ನು ಕಳುಹಿಸಿದರು. ಮಳೆ ಹನಿಯುತ್ತಿದ್ದ ಹೊತ್ತನ್ನು ಬಿಟ್ಟರೆ ಮಧ್ಯಾಹ್ನ ಅಂತರ ಐದಕ್ಕಿಂತ ಮೇಲೆ ಇತ್ತು. ಬಸವನಗುಡಿ, ಚಾಮರಾಜಪೇಟೆಗಳ ಮಳೆಗಾಲದ ಗಾಳಿ ನಾವು ಅಂದುಕೊಂಡಷ್ಟು ಒದ್ದೆಯಲ್ಲ. ಹೊರಗೆ ತೇವಾಂಶ ಅರವತ್ತರ ಆಸುಪಾಸು. ಗಾಜಿನ ಕೋಣೆಯಲ್ಲಿ ಕಾದ ಮೇಲೆ ನಲವತ್ತರ ಸಮೀಪ. ಹಪ್ಪಳ ಒಂದೂವರೆ ದಿನದಲ್ಲಿ ಒಣಗುತ್ತದೆ ಎಂದು ಸುರುಳಿ ಹೇಳಿತು.

ನಾನು ಸಮಿತಿಗೆ ಹೋಗುವಂತಿರಲಿಲ್ಲವಾದ್ದರಿಂದ ಹೊಸ ವರದಿಯನ್ನು ಫ್ರಾನ್ಸಿಸ್ ಓದಿದ. ಅಲ್ಲಿ ನಡೆದದ್ದನ್ನು ಅಂದೇ ಸಂಜೆ ಜಗಲಿಯ ಕೆಳಗೆ ನಿಂತು ವಿವರಿಸಿದ. ಆಗದೆಂಬ ಮಾತು ರಾಯರ ಕಿವಿಗೆ ಮೊದಲೇ ಬಿದ್ದಿತ್ತು. ಹೋದ ವಾರ ಆಗದೆಂದದ್ದು ಈ ವಾರ ಆಗುವುದು ಹೇಗೆ, ಬತ್ತಿ ಬದಲಾಯಿಸಿದರೆ ಊರಿನ ಹವೆ ಬದಲಾಗುತ್ತದೆಯೇ ಎಂದು ಕೇಳಿದರಂತೆ. ಹಾಗೆ ಕೇಳಬಹುದೆಂದು ಎಣಿಸಿ, ಎರಡು ಥರ್ಮಾಮೀಟರುಗಳನ್ನೂ ಎರಡು ಬತ್ತಿಗಳನ್ನೂ ಒಯ್ಯುವಂತೆ ನಾನು ಹೇಳಿದ್ದೆ. ಒಂದಕ್ಕೆ ಪಂಚೆಯ ಬತ್ತಿ, ಒಂದಕ್ಕೆ ತುಪ್ಪದ ಬತ್ತಿ, ಎರಡಕ್ಕೂ ಒಂದೇ ಶೀಶೆಯ ನೀರು. ಸಾವಿತ್ರಮ್ಮನವರು ರಾಯರ ಮೇಜಿನ ಮುಂದೆ ನಿಂತು ಬೀಸಣಿಗೆಯಿಂದ ಬೀಸಿದರು. ಒಂದರ ಪಾದರಸ ಇಳಿಯತೊಡಗಿತು. ಇನ್ನೊಂದು ಅಲುಗಲಿಲ್ಲ.

"ಗಾಳಿ ಎರಡಕ್ಕೂ ಒಂದೇ ರಾಯರೇ," ಎಂದರಂತೆ ಸಾವಿತ್ರಮ್ಮ, ಬೀಸುವುದನ್ನು ನಿಲ್ಲಿಸದೆ. "ನೀವೇ ಓದಿ ಹೇಳಿ, ನಾನು ಬರೆದರೆ ನಂಬೋದಿಲ್ಲ."

ರಾಯರು ಕನ್ನಡಕ ಸರಿಪಡಿಸಿಕೊಂಡು ಓದಿದರು. ಮತ್ತೊಮ್ಮೆ ಬೀಸಿ ಎಂದರು. ಕೊನೆಗೆ ಒಂದು ಮಳೆಗಾಲದ ಮಟ್ಟಿಗೆ ಪರೀಕ್ಷೆಗೆಂದು ಮಹಡಿಯನ್ನು ಸಂಘಕ್ಕೆ ಬಿಡಲು ಒಪ್ಪಿದರು. ಫ್ರಾನ್ಸಿಸ್ ಇದನ್ನೆಲ್ಲ ಹೇಳಿ ನನ್ನ ಮುಖವನ್ನು ನೋಡಿದ. ಸಂತೋಷವಾಗಬೇಕಾದ ಸಂಗತಿ ಎಂಬುದು ನನಗೆ ಗೊತ್ತಾಯಿತು. ಒಳ್ಳೆಯದಾಯಿತು ಎಂದೆ.

ಕೋಣೆ ಮರುವರ್ಷದ ಮಳೆಗಾಲದ ಹೊತ್ತಿಗೆ ಎದ್ದಿತು. ಲೆಕ್ಕದಷ್ಟು ಚೆನ್ನಾಗಿ ನಡೆಯಿತೆಂದು ಹೇಳಲಾರೆ. ಬೆಳಗಿನ ಹೊತ್ತು ಗಾಜಿನ ಒಳಮೈಯಲ್ಲಿ ಬೆವರು ಹನಿಗಟ್ಟಿ ಹಪ್ಪಳದ ಮೇಲೆ ಬೀಳುತ್ತಿತ್ತು. ಬಿಸಿಗಾಳಿ ಹೋಗುವ ಚಿಮಣಿಯನ್ನು ಎತ್ತರಿಸಿದ ಮೇಲೆ ನಿಂತಿತು. ಜಡಿಮಳೆಯ ವಾರಗಳಲ್ಲಿ ಒಣಗುತ್ತಲೇ ಇರಲಿಲ್ಲ. ಆದರೂ ನಾಲ್ಕು ತಿಂಗಳು ನಿಲ್ಲುತ್ತಿದ್ದ ಕೆಲಸ ಕೆಲವೇ ವಾರ ನಿಲ್ಲುವಂತಾಯಿತು. ಊಟದ ಹಾಲಿನ ಮಾತನ್ನು ರಾಯರು ಮತ್ತೆ ಎತ್ತಲಿಲ್ಲ. ನಾನು ನಿವೃತ್ತನಾಗುವವರೆಗೂ ಸಂಘ ಅದೇ ಮಹಡಿಯಲ್ಲಿತ್ತು.

ಆ ಪ್ರಕರಣದ ನಂತರ ನನ್ನ ಕೈಕೆಳಗೆ ಬಂದ ಕಿರಿಯ ಇಂಜಿನಿಯರುಗಳಿಗೆ ನಾನು ಮೊದಲು ಹೇಳುತ್ತಿದ್ದುದು ಒಂದೇ. ಎರಡು ಪಾದರಸಗಳು ಒಂದೇ ಅಂಕಿಯಲ್ಲಿ ನಿಂತಿದ್ದರೆ ಗಾಳಿ ಒದ್ದೆಯಾಗಿದೆ ಎಂದು ಬರೆಯುವ ಮೊದಲು ಬತ್ತಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಕಂಪ್ಯೂಟರ್ ತನಗೆ ಕೊಟ್ಟ ಗಾಳಿಯ ಲೆಕ್ಕವನ್ನು ಮಾಡುತ್ತದೆ. ಆ ಗಾಳಿ ಬೀಸುತ್ತಿದೆಯೇ ಎಂದು ಹೊರಗೆ ಬಂದು ನೋಡುವುದು ಅದರ ಕೆಲಸವಲ್ಲ, ನಮ್ಮದು. ಆಗುವುದಿಲ್ಲ ಎಂಬ ವರದಿಗೆ, ಆಗುತ್ತದೆ ಎಂಬ ವರದಿಗಿಂತ ಹೆಚ್ಚು ಪರಿಶೀಲನೆ ಬೇಕು. ಏಕೆಂದರೆ ಆಗುವುದಿಲ್ಲ ಎಂದದ್ದನ್ನು ಯಾರೂ ಕಟ್ಟಿ ನೋಡುವುದಿಲ್ಲ.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಹದಿಮೂರನೆಯ ದಿನದ ಸಮಾರಾಧನೆಗೆ ಸಾವಿತ್ರಮ್ಮನವರು ಹಪ್ಪಳದ ಕಟ್ಟಿನೊಂದಿಗೆ ಬಾಳೆಲೆಯಲ್ಲಿ ಸುತ್ತಿದ ಆ ಬತ್ತಿಯನ್ನೂ ತಂದಿದ್ದರು. ಜಾನಕಿಯ ಕೈಯದು, ಎಸೆಯಲು ಮನಸ್ಸು ಬರಲಿಲ್ಲ ಎಂದರು. ಅಂದು ದೇವರ ಕೋಣೆಯ ಬಾಗಿಲು ತೆರೆದಿತ್ತು. ಅದನ್ನು ವಾಯುದೇವರ ಮುಂದಿನ ಹಣತೆಯಲ್ಲಿಟ್ಟು ಹಚ್ಚಿದೆ. ಒಂದು ತಿಂಗಳು ನೀರಿನಲ್ಲಿ ನಿಂತಿದ್ದ ಬತ್ತಿ. ತುದಿಯಲ್ಲಿ ಎಲ್ಲಿಯೋ ಸ್ವಲ್ಪ ನೀರು ಸೇರಿದ್ದಿರಬೇಕು, ಚಿಟಪಟ ಸಿಡಿಯಿತು. ಆಮೇಲೆ ನೆಟ್ಟಗೆ ಹತ್ತಿಕೊಂಡು ಉರಿಯಿತು. ಪೂರ್ತಿ ಉರಿದು ಮುಗಿಯುವವರೆಗೆ ಅಲ್ಲಿಯೇ ಕುಳಿತಿದ್ದೆ.

ಊಟಕ್ಕೆ ಕುಳಿತಾಗ ವಸುಧಾ ಎಲೆಗೆ ಹಪ್ಪಳ ಬಡಿಸಿದಳು. ಮುರಿದು ಬಾಯಿಗೆ ಹಾಕಿಕೊಂಡೆ.

"ಉಪ್ಪು ಜಾಸ್ತಿ ಆಗಿದೆ," ಎಂದೆ.

ಅವಳು ಬಡಿಸುವ ಕೈಯನ್ನು ಹಾಗೆಯೇ ಹಿಡಿದು ನಿಂತಳು. "ಹೌದಾ ಅಣ್ಣ?" ಎಂದಳು. ಇನ್ನೊಂದು ಹಪ್ಪಳವನ್ನು ಎಲೆಗೆ ಹಾಕಿದಳು.